ಬಿಟ್ಟುಕೊಟ್ಟ ಇಪ್ಪತ್ತು ಪಾಯಿಂಟು

ಬ್ಯಾಡಗಿಯ ಸ್ಟೇಷನ್ ರಸ್ತೆಯಲ್ಲಿ ಗಡಿಯಾರ ರಿಪೇರಿ ಮಾಡುವ ಯೂಸುಫಸಾಬರನ್ನು ಕೇರಂ ಆಟದಲ್ಲಿ ಸೋಲಿಸಿದವರು ಮೂವತ್ತು ವರ್ಷಗಳಿಂದ ಆ ಊರಿನಲ್ಲಿ ಯಾರೂ ಇರಲಿಲ್ಲ. ಇದನ್ನು ಅವರೇ ಹೇಳಿಕೊಂಡವರಲ್ಲ. ಅವರು ಮಾತಾಡುವುದೇ ಕಡಿಮೆ. ಭಾನುವಾರ ಮಧ್ಯಾಹ್ನ ಅವರ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೋರ್ಡಿನ ಸುತ್ತ ಕೂಡುವ ಆರೇಳು ಮಂದಿ ಹೇಳುತ್ತಿದ್ದ ಮಾತು ಅದು.

ಯಾವಾಗಲೂ ಒಬ್ಬನೇ ಗೆದ್ದರೆ ಆಟ ಸಪ್ಪೆಯಾಗುತ್ತದೆ. ಅದಕ್ಕೆ ಯೂಸುಫಸಾಬರು ಎದುರಿಗೆ ಕೂತವರಿಗೆ ಮೊದಲೇ ಪಾಯಿಂಟು ಬಿಟ್ಟುಕೊಡುತ್ತಿದ್ದರು. ಆಟ ಇಪ್ಪತ್ತೈದಕ್ಕೆ. ಮೋಟೆಬೆನ್ನೂರಿನಿಂದ ಸೈಕಲ್ ಮೇಲೆ ಬರುವ ರೈತ ಅಜ್ಜಪ್ಪನಿಗೆ ಹದಿನೈದು. ಅಂದರೆ ಅಜ್ಜಪ್ಪ ಇನ್ನು ಹತ್ತು ಮಾಡಿದರೆ ಗೆದ್ದ. ಯೂಸುಫಸಾಬರು ಸೊನ್ನೆಯಿಂದ ಇಪ್ಪತ್ತೈದು ಮಾಡಬೇಕು. ಆದರೂ ಗೆಲ್ಲುತ್ತಿದ್ದವರು ಅವರೇ.

ಯಾರಿಗೆ ಎಷ್ಟು ಬಿಡಬೇಕು ಎಂದು ತಲೆ ಕೆಡಿಸಿಕೊಳ್ಳುತ್ತಿದ್ದವರು ವಿಜಯಮಹಾಂತೇಶ ಸರ್. ಅಲ್ಲಿಯ ಕಾಲೇಜಿನಲ್ಲಿ ಗಣಿತ ಕಲಿಸುವವರು, ಮನೆ ರಾಣೇಬೆನ್ನೂರು. ಭಾನುವಾರ ರಜೆಯಿದ್ದರೂ ಪ್ಯಾಸೆಂಜರ್ ಗಾಡಿ ಹಿಡಿದು ಬ್ಯಾಡಗಿಗೆ ಬರುತ್ತಿದ್ದರು. ಆಡುವುದರಲ್ಲಿ ಎಲ್ಲರಿಗಿಂತ ಹಿಂದೆ, ಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ. ನೂರು ಹಾಳೆಯ ಒಂದು ನೋಟ್‌ಬುಕ್ಕಿನಲ್ಲಿ ಐದು ವರ್ಷದ ಆಟಗಳೆಲ್ಲ ಇದ್ದವು. ಜಗತ್ತಿನ ಯಾವ ಇಬ್ಬರನ್ನೇ ಕೂಡಿಸಿ, ಅವರ ನಡುವೆ ಒಂದು ಸರಿಯಾದ ಅಂಕಿ ಇದ್ದೇ ಇರುತ್ತದೆ, ಅಷ್ಟು ಬಿಟ್ಟುಕೊಟ್ಟರೆ ಯಾರು ಗೆಲ್ಲುತ್ತಾರೆ ಎಂದು ದೇವರಿಗೂ ಹೇಳಲಿಕ್ಕಾಗದು ಎಂಬುದು ಅವರ ನಂಬಿಕೆ.

ಒಂದು ಭಾನುವಾರ ಅವರು ಕೇಳಿದರು. "ಯೂಸುಫಭಾಯಿ, ನೀವು ಎಲ್ಲಾರಿಗೂ ಬಿಡ್ತೀರಿ. ನಿಮಗ ಬಿಡೋರು ಯಾರರ ಅದಾರೇನು? ಖರೇನ ಪಂದ್ಯ ಆಡೋ ಮಂದಿ, ಅದನ್ನ ಉದ್ಯೋಗ ಮಾಡ್ಕೊಂಡವರು, ಅವರ ಮುಂದ ಕುಂತ್ರ ನಿಮಗ ಎಷ್ಟು ಬೇಕಾಗ್ತಾವ?"

ಯೂಸುಫಸಾಬರು ಸ್ಟ್ರೈಕರ್ ಒರೆಸುತ್ತ ಯೋಚಿಸಿದರು. "ಐದು. ಭಾಳ ಅಂದ್ರ ಏಳು."

ಸರ್ ಸುಮ್ಮನೆ ಕೇಳಿರಲಿಲ್ಲ. ಅವರ ಹಳೇ ವಿದ್ಯಾರ್ಥಿನಿ ಅಫ್ರೀನ್ ಮೂರು ಸಲ ರಾಷ್ಟ್ರಮಟ್ಟದಲ್ಲಿ ಆಡಿ ಬಂದವಳು. ಹಾವೇರಿಯ ಹುಡುಗಿ. ಈಗ ಹುಬ್ಬಳ್ಳಿಯ ಒಂದು ಆಫೀಸಿನಲ್ಲಿ ಕೆಲಸ. ಕೇರಂ ಆಡಲಿಕ್ಕೆಂದೇ ಅವಳನ್ನು ತೆಗೆದುಕೊಂಡಿದ್ದರು, ದಿನಕ್ಕೆ ಆರು ತಾಸು ಅಭ್ಯಾಸ. ಅವಳ ಚಿಕ್ಕಮ್ಮನ ಮನೆ ಬ್ಯಾಡಗಿಯಲ್ಲೇ. ಮುಂದಿನ ವಾರ ಬರುವವಳಿದ್ದಳು.

ಆ ಸುದ್ದಿ ಕೇಳಿ ಯೂಸುಫಸಾಬರು ಮೊದಲು ಒಲ್ಲೆ ಅಂದರು. "ಆಡೋದಕ್ಕೇನೂ ಹರಕತ್ತಿಲ್ಲ ಸರ. ಆದ್ರ ಪಾಯಿಂಟ್ ಇಸ್ಕೊಂಡು ನಾ ಯಾವತ್ತೂ ಆಡಿಲ್ಲ."

ಚಹಾ ತಂದ ಹೆಂಡತಿ ಚಮನಬಿ ಬಾಗಿಲಲ್ಲೇ ನಿಂತು ನಕ್ಕಳು. "ಮೂವತ್ತು ವರ್ಷ ಊರಿಗೆಲ್ಲಾ ಕೊಟ್ಕೊಂತ ಬಂದೀರಿ. ಒಂದು ದಿನ ಇಸ್ಕೊಂಡ್ರ ಕೈ ಸವೀತಾವೇನು?"

ಅಲ್ಲಿಗೆ ಆ ಮಾತು ಮುಗಿಯಿತು.

ಅಫ್ರೀನ್ ಬಂದ ದಿನ ಕೋಣೆ ತುಂಬಿತ್ತು. ಪಕ್ಕದ ಓಣಿಯಲ್ಲಿ ಯಾರೋ ಮೆಣಸಿನಕಾಯಿ ಹರವಿದ್ದರು. ಹೊರಗಿನಿಂದ ಬಂದವಳಿಗೆ ಒಳಗೆ ಕಾಲಿಡುತ್ತಲೇ ಎರಡು ಸೀನು ಬಂದವು. ಇಪ್ಪತ್ತೆಂಟರ ಸಣ್ಣ ಮೈಯ ಹೆಣ್ಣುಮಗಳು, ಹೆಗಲಿಗೆ ಒಂದು ಚೀಲ. ಚೀಲದಿಂದ ತನ್ನದೇ ಸ್ಟ್ರೈಕರ್ ತೆಗೆದು, ಬೋರ್ಡಿನ ನಾಲ್ಕೂ ಕಡೆ ಅಂಗೈಯಾಡಿಸಿ ನೋಡಿದಳು.

"ಈ ಮೂಲ್ಯಾಗ ಸ್ವಲ್ಪ ಇಳಿಜಾರ ಐತಿ, ಹೌದಲ್ರಿ ಚಾಚಾ?"

ಆ ಇಳಿಜಾರು ಯೂಸುಫಸಾಬರನ್ನು ಬಿಟ್ಟರೆ ಮತ್ತೊಬ್ಬರಿಗೆ ಗೊತ್ತಿರಲಿಲ್ಲ. ಅವರು ಅವಳ ಮುಖ ನೋಡಿ ಹೌದೆಂದು ತಲೆಯಾಡಿಸಿದರು.

"ಎಷ್ಟು ಬಿಡ್ತೀಯವ್ವಾ?" ಎಂದು ಸರ್ ಕೇಳಿದರು, ನೋಟ್‌ಬುಕ್ಕು ತೆರೆದು. "ನನ್ನ ಲೆಕ್ಕದಾಗ ಹತ್ತು ಬರ್ತೈತಿ."

ಅಫ್ರೀನ್ ಸಂಕೋಚಪಟ್ಟಳು. "ಸರ್ರ, ಸಿಟ್ಟಾಗಬ್ಯಾಡ್ರಿ. ಇಪ್ಪತ್ತು ಬಿಡ್ತೇನಿ."

ಇಪ್ಪತ್ತು ಬಿಟ್ಟರೆ ಯೂಸುಫಸಾಬರು ಮಾಡಬೇಕಾದದ್ದು ಬರೀ ಐದು. ಅವರ ಕಿವಿ ಕೆಂಪಾದವು. "ಆಡೂಣು," ಅಂದರು.

ಟಾಸು ಗೆದ್ದವಳು ಅಫ್ರೀನ್. ಮೊದಲ ಏಟು ಹೊಡೆದವರಿಗೆ ಒಂಬತ್ತು ಬಿಳಿ ಕಾಯಿ, ಎದುರಿನವರಿಗೆ ಒಂಬತ್ತು ಕರಿ, ನಡುವೆ ಒಂದು ಕೆಂಪು. ತನ್ನ ಕಾಯಿ ಮೊದಲು ಮುಗಿಸಿದವರಿಗೆ, ಎದುರಿನವರ ಎಷ್ಟು ಕಾಯಿ ಉಳಿದಿವೆಯೋ ಅಷ್ಟು ಪಾಯಿಂಟು; ಕೆಂಪಿಗೆ ಮತ್ತೆ ಮೂರು. ಕಾಯಿ ಬೀಳುವ ತನಕ ಸ್ಟ್ರೈಕರ್ ಅವರ ಕೈಯಲ್ಲೇ. ತಪ್ಪಿದರೆ ಮಾತ್ರ ಎದುರಿನವರಿಗೆ.

ಅಫ್ರೀನ್ ತಪ್ಪಲಿಲ್ಲ. ಬಿಳಿಯವು ಒಂದಾದ ಮೇಲೊಂದು ಬಿದ್ದವು. ಅವಸರವಿಲ್ಲ, ಜೋರಿಲ್ಲ. ಒಂದು ಕಾಯಿ ಬೀಳುವಾಗಲೇ ಮುಂದಿನದಕ್ಕೆ ಸ್ಟ್ರೈಕರ್ ಬಂದು ನಿಂತಿರುತ್ತಿತ್ತು. ಕೆಂಪೂ ಹೋಯಿತು. ಮೂರು ನಿಮಿಷದಲ್ಲಿ ಬೋರ್ಡಿನ ಮೇಲೆ ಯೂಸುಫಸಾಬರ ಒಂಬತ್ತು ಕರಿ ಕಾಯಿಗಳಷ್ಟೇ ಉಳಿದವು, ಯಾರೂ ಮುಟ್ಟದೆ. ಹನ್ನೆರಡು ಪಾಯಿಂಟು.

ಎರಡನೆಯ ಬೋರ್ಡಿಗೆ, ಅಂದರೆ ಎರಡನೆಯ ಸುತ್ತಿಗೆ, ಮೊದಲ ಏಟು ಯೂಸುಫಸಾಬರದು. ಒಂದು ಬಿತ್ತು, ಎರಡನೆಯದು ಪಾಕೆಟ್ಟಿನ ತುಟಿಯವರೆಗೆ ಹೋಗಿ ನಿಂತಿತು. ಅವಳು ಆರು ಹಾಕಿ ತಪ್ಪಿದಳು, ಅವರು ಎರಡು ಹಾಕಿ ತಪ್ಪಿದರು, ಅವಳು ಮುಗಿಸಿದಳು. ಮೂರನೆಯದರಲ್ಲಿ ಅವರಿಗೆ ಸಿಕ್ಕದ್ದು ಒಂದೇ ಒಂದು ಕಾಯಿ. ಅಷ್ಟರಲ್ಲಿ ಅವಳ ಪಾಯಿಂಟು ಇಪ್ಪತ್ತೈದು ದಾಟಿತ್ತು. ಇಡೀ ಆಟದಲ್ಲಿ ಸ್ಟ್ರೈಕರ್ ಅವರ ಕೈಗೆ ಬಂದದ್ದು ಮೂರೇ ಸಲ. ಮೊದಲೇ ಬಿಟ್ಟ ಇಪ್ಪತ್ತು ಇಪ್ಪತ್ತಾಗಿಯೇ ಕೂತಿತ್ತು.

ಸರ್ ಪೆನ್ನು ಕಚ್ಚುತ್ತಿದ್ದರು. ಅವರಿಗೆ ಗೆಳೆಯನ ಸೋಲಿಗಿಂತ ಅಂಕಿಯ ಚಿಂತೆ. "ಇಪ್ಪತ್ತಮೂರು ಬಿಟ್ಟು ನೋಡೂಣು," ಅಂದರು.

ಈ ಸಲ ಎರಡೇ ಪಾಯಿಂಟು ಸಾಕು; ಒಂದು ಬೋರ್ಡು ಗೆದ್ದರೆ ಹೆಚ್ಚುಕಡಿಮೆ ಆಟವೇ ಅವರದು. ಮೂರನೆಯ ಬೋರ್ಡಿನಲ್ಲಿ ಅಂಥ ಗಳಿಗೆ ಬಂತು ಕೂಡ. ಅಫ್ರೀನ್ ತಪ್ಪಿದಳು. ಯೂಸುಫಸಾಬರದು ಎರಡೇ ಕಾಯಿ ಬಾಕಿ, ಒಂದು ಪಾಕೆಟ್ಟಿನ ಬಾಯಲ್ಲೇ ಕೂತಿತ್ತು. ಕಣ್ಣು ಮುಚ್ಚಿ ಹಾಕುವಂಥದ್ದು. ಕೂದಲಿನಷ್ಟು ಸಣ್ಣ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂಡಿಸುವ ಕೈ ಅದು. ಅವತ್ತು ಏಟು ಜೋರಾಯಿತು. ಕಾಯಿಯ ಹಿಂದೆ ಸ್ಟ್ರೈಕರೂ ಹೋಗಿ ಪಾಕೆಟ್ಟಿಗೆ ಬಿತ್ತು. ಅದು ತಪ್ಪಾಟ, ಬಿದ್ದ ಕಾಯಿಯೂ ವಾಪಸ್ ಬೋರ್ಡಿಗೆ ಬಂತು, ಸರದಿಯೂ ಹೋಯಿತು. ಆಮೇಲೆ ಅವರಿಗೆ ಸರದಿ ಬರಲಿಲ್ಲ.

ಯೂಸುಫಸಾಬರು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕೂತರು. ಸೋತದ್ದಕ್ಕಲ್ಲ, ಆಡದೇ ಸೋತದ್ದಕ್ಕೆ ಅವರಿಗೆ ಏನೋ ಆಗುತ್ತಿತ್ತು. ಅದನ್ನು ಹೇಗೆ ಹೇಳಬೇಕೆಂದು ತಿಳಿಯಲಿಲ್ಲ. ಅಜ್ಜಪ್ಪ ಹೇಳಿದ.

"ಯೂಸುಫಾ, ನನ್ನ ಪಾಡೂ ಇದ ಐತಿ ನೋಡಪಾ. ನೀ ಹದಿನೈದು ಪಾಯಿಂಟ್ ಬಿಡ್ತಿ, ಖರೇ. ಆದ್ರ ಆಡಾಕ ಎಲ್ಲಿ ಬಿಡ್ತಿ? ನಾ ಮೋಟೆಬೆನ್ನೂರಿಂದ ಸೈಕಲ್ ತುಳ್ಕೊಂಡು ಬರೋದು ನಿನ್ನ ಆಟ ನೋಡಾಕ."

ಅವನು ನಗುತ್ತಲೇ ಹೇಳಿದ್ದ. ಉಳಿದವರೂ ನಕ್ಕರು. ಯೂಸುಫಸಾಬರು ನಗಲಿಲ್ಲ. ಅಜ್ಜಪ್ಪನ ಕಡೆಗೆ ತಿರುಗಿದರು.

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲೋ?"

"ಏನಂತ ಹೇಳ್ಲಿ? ಹದಿನೈದು ಇಸ್ಕೊಂಡು ಸೋತಾಂವ ಮತ್ತೇನು ಕೇಳಬೇಕು?"

ಸರ್ ನೋಟ್‌ಬುಕ್ಕು ಮುಚ್ಚಿದರು, ಮತ್ತೆ ತೆರೆದರು. ಐದು ವರ್ಷ ಬರೆದದ್ದರಲ್ಲಿ ಯಾರು ಎಷ್ಟು ಪಾಯಿಂಟು ಮಾಡಿದರು ಎಂದಿತ್ತು. ಯಾರ ಕೈಗೆ ಎಷ್ಟು ಸಲ ಸ್ಟ್ರೈಕರ್ ಬಂತು ಎಂದು ಒಂದು ಕಡೆಯೂ ಇರಲಿಲ್ಲ.

ಯೂಸುಫಸಾಬರು ಕಾಯಿಗಳನ್ನು ನಡುವೆ ಜೋಡಿಸತೊಡಗಿದರು. "ಬೇಟಿ, ಇನ್ನೊಂದು ಆಟ ಆಡ್ತೀಯೇನು? ಪಾಯಿಂಟ್ ಬ್ಯಾಡ. ಇಬ್ರೂ ಸೊನ್ನೆಯಿಂದ. ಆದ್ರ ನೀ ಒಂದು ಸರದಿಗೆ ಮೂರು ಕಾಯಿ ಹಾಕಿದ್ರ ಸಾಕು, ಸ್ಟ್ರೈಕರ್ ನನಗ ಕೊಡಬೇಕು. ನಾ ಮಾಮೂಲಿ ಹಂಗ ಆಡ್ತೇನಿ."

ಅಫ್ರೀನ್‌ಳ ಹುಬ್ಬು ಮೇಲೇರಿತು. "ಇಂಥಾದ್ದು ನಾ ಎಲ್ಲೂ ಆಡಿಲ್ಲ ಚಾಚಾ. ಬರ್ರಿ ನೋಡೂಣು."

ಆಟ ಬೇರೆಯೇ ಆಯಿತು. ಮೂರನೆಯ ಕಾಯಿ ಹಾಕಿದ ಮೇಲೆ ಬೋರ್ಡನ್ನು ಎದುರಿನವರ ಕೈಗೆ ಒಪ್ಪಿಸಬೇಕು. ಹೇಗೆ ಒಪ್ಪಿಸಬೇಕೆಂದು ಅಫ್ರೀನ್ ಯಾವತ್ತೂ ಯೋಚಿಸಿದವಳಲ್ಲ. ಅವಳು ಕಲಿತದ್ದೆಲ್ಲ ಒಪ್ಪಿಸದೇ ಇರುವುದನ್ನು. ಯೂಸುಫಸಾಬರಿಗೋ ಒಂದೇ ಸರದಿಯಲ್ಲಿ ಒಂಬತ್ತು ಹಾಕುವ ಬಲ ಯಾವತ್ತೂ ಇರಲಿಲ್ಲ. ಅವರು ಬೀಳಿಸಲಾಗದ ತಮ್ಮ ಕಾಯಿಯನ್ನು ಸರಿಸಿ ಅವಳ ದಾರಿಗೆ ಅಡ್ಡ ಇಟ್ಟರು. ಇಳಿಜಾರಿನ ಮೂಲೆಯನ್ನು ತಮ್ಮ ಕಾಯಿಯಿಂದಲೇ ಮುಚ್ಚಿದರು. ಅಫ್ರೀನ್ ಮೊದಲ ಸಲ ಏಟು ಹೊಡೆಯುವ ಮೊದಲು ಎದ್ದು ನಿಂತು ಬೋರ್ಡನ್ನು ಮೇಲಿನಿಂದ ನೋಡಿದಳು.

ಮೊದಲ ಆಟ ಅವಳದೇ, ಇಪ್ಪತ್ತೈದಕ್ಕೆ ಹದಿನೇಳು. ಎರಡನೆಯದೂ ಅವಳದು, ಇಪ್ಪತ್ತೈದಕ್ಕೆ ಇಪ್ಪತ್ತೆರಡು. ಕೋಣೆಯಲ್ಲಿ ಯಾರೂ ಚಹಾ ಮುಟ್ಟಿರಲಿಲ್ಲ.

ಸರ್ ತಡೆಯಲಾರದೆ ಕೇಳಿದರು. "ಎರಡು ಕಾಯಿಗೆ ಇಳಿಸೂಣೇನು?"

"ಬ್ಯಾಡ ಸರ," ಅಂದರು ಯೂಸುಫಸಾಬರು, ಬೋರ್ಡಿನಿಂದ ಕಣ್ಣು ತೆಗೆಯದೆ. "ಎರಡಕ್ಕ ಇಳಿಸಿದ್ರ ನಾ ಗೆದ್ದಬಿಡ್ತೇನಿ. ಇದು ಛಲೋ ಐತಿ."

ಮೂರನೆಯ ಆಟ ಒಂದು ತಾಸು ನಡೆಯಿತು. ಕೊನೆಯ ಬೋರ್ಡಿನಲ್ಲಿ ಅಫ್ರೀನ್ ಮೂರು ಕಾಯಿ ಹಾಕಿ ಸ್ಟ್ರೈಕರ್ ದಾಟಿಸಿದಾಗ ಅವಳದು ಒಂದೇ ಉಳಿದಿತ್ತು, ಯೂಸುಫಸಾಬರದು ನಾಲ್ಕು. ಅವರು ನಾಲ್ಕನ್ನೂ ಹಾಕಿದರು. ಕೊನೆಯದು ಎದುರಿನ ಪಟ್ಟಿಗೆ ಬಡಿದು ಹೊರಳಿ ಬಂದು ಬಿತ್ತು. ಇಪ್ಪತ್ತೈದಕ್ಕೆ ಇಪ್ಪತ್ತೊಂದು.

ಅಜ್ಜಪ್ಪ ಕೂಗಿದ್ದು ರಸ್ತೆಗೆ ಕೇಳಿರಬೇಕು. ಯೂಸುಫಸಾಬರು ಎದ್ದು ನಿಂತವರು ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತರು.

ಅಫ್ರೀನ್ ಮಾತ್ರ ನಗಲಿಲ್ಲ. ನಿಜವಾಗಿ ಸೋತವರ ಮುಖ ಅದು. ಹುಬ್ಬಳ್ಳಿಗೆ ಬಸ್ಸು ಹಿಡಿಯಬೇಕಿತ್ತು, ಗಡಿಯಾರ ನೋಡಿದಳು. ಆಮೇಲೆ ದುಪ್ಪಟ್ಟಾ ಸರಿಮಾಡಿಕೊಂಡು ಕೂತಳು. "ಇನ್ನೊಂದು, ಚಾಚಾ. ಅದ ನಿಯಮ."

ಈ ಸಲ ಇಪ್ಪತ್ತೈದಕ್ಕೆ ಒಂಬತ್ತು, ಅವಳದು. ಮೂರು ಆಟದಲ್ಲಿ ಅವಳು ಕಲಿತುಬಿಟ್ಟಿದ್ದಳು. ಅವರು ಕಾಯಿ ಅಡ್ಡ ಇಡುವ ಜಾಗಕ್ಕೆ ತಾನೇ ಮೊದಲು ಕಾಯಿ ಇಡುತ್ತಿದ್ದಳು. ಸರ್ ಬರೆಯುವುದನ್ನು ನಿಲ್ಲಿಸಿ ಅವಳ ಬೆರಳನ್ನೇ ನೋಡುತ್ತ ಕೂತಿದ್ದರು. ಅಂಕಿ ಸಿಕ್ಕಿತು ಅನ್ನುವಷ್ಟರಲ್ಲಿ ಅದು ಸರಿದುಹೋಗಿತ್ತು. ಅವರಿಗೆ ಯಾಕೋ ಬೇಜಾರಾಗಲಿಲ್ಲ.

"ನಿಮ್ಮ ಹಂಗ ನನ್ನ ಮುಂದ ಯಾರೂ ಅಡ್ಡ ಆಡಂಗಿಲ್ರಿ ಚಾಚಾ," ಎಂದಳು ಅಫ್ರೀನ್, ಚೀಲ ಏರಿಸಿಕೊಳ್ಳುತ್ತ. "ಅವರಿಗೆ ಅದು ಬೇಕಾಗಂಗಿಲ್ಲ. ಬಿಟ್ರ ಎಲ್ಲಾ ಹಾಕ್ಬಿಡ್ತಾರ. ಮುಂದಿನ ತಿಂಗಳ ಬರ್ತೇನಿ, ಕಲಿಸ್ರಿ."

"ನಾ ಏನು ಕಲಿಸ್ಲಿ ನಿನಗ?" ಎಂದರು ಯೂಸುಫಸಾಬರು. ಆಮೇಲೆ ಸ್ವಲ್ಪ ನಾಚಿಕೊಂಡು ಕೇಳಿದರು. "ಮದಲ್ನೇ ಆಟದಾಗ ನೀ ಒಂದು ಕಾಯಿ ಹಿಂದಕ್ಕ ಹೊಡ್ದಿ ನೋಡು, ಬಲಗಡೆ ಮೂಲಿಗೆ. ಅದು ಹೆಂಗ?"

ಅವಳು ಚೀಲ ಇಳಿಸಿ ತೋರಿಸಿದಳು. ಹೆಬ್ಬೆರಳಿನಿಂದ ಹೊಡೆಯುವ ಏಟು. ಸ್ಟ್ರೈಕರ್ ಮುಂದಕ್ಕಲ್ಲ, ಹೊಡೆದವರ ಕಡೆಗೇ ಬರಬೇಕು. ಅವರು ನಾಲ್ಕು ಸಲ ಹೊಡೆದರು, ನಾಲ್ಕೂ ತಪ್ಪಿದವು. ಆ ಬಸ್ಸೂ ಹೋಯಿತು. ಚಮನಬಿ ಅವಳನ್ನು ಊಟಕ್ಕೆ ಕೂಡಿಸಿದಳು.

ಮರು ಭಾನುವಾರದಿಂದ ಆ ಕೋಣೆಯಲ್ಲಿ ಪಾಯಿಂಟು ಬಿಡುವುದು ನಿಂತಿತು. ಯೂಸುಫಸಾಬರು ಒಂದು ಸರದಿಗೆ ಎರಡು ಕಾಯಿ ಹಾಕಿ ಸ್ಟ್ರೈಕರ್ ದಾಟಿಸಬೇಕು ಎಂದಾಯಿತು. ಮೂರನೆಯ ವಾರ ಅಜ್ಜಪ್ಪ ಗೆದ್ದ. ಗೆದ್ದದ್ದಕ್ಕಿಂತ, ಅಷ್ಟು ಹೊತ್ತು ಆಡಿದ್ದಕ್ಕೆ ಬೆರಳು ನೋಯುತ್ತವೆ ಎಂದು ತಿಂಗಳೆಲ್ಲ ಹೇಳಿಕೊಂಡು ತಿರುಗಿದ.

ಯೂಸುಫಸಾಬರು ಈಗ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಅರ್ಧ ತಾಸು ಒಬ್ಬರೇ ಬೋರ್ಡಿನ ಮುಂದೆ ಕೂರುತ್ತಾರೆ. ಒಂದೇ ಕಾಯಿ, ಒಂದೇ ಏಟು, ಹೆಬ್ಬೆರಳು. ಹತ್ತಕ್ಕೆ ಮೂರು ಬೀಳುತ್ತವೆ. ಮೊನ್ನೆ ಸರ್ ಕಾಲೇಜಿಗೆ ಹೋಗುವಾಗ ಹಣಿಕಿ ಹಾಕಿ, "ಅಫ್ರೀನ್‌ಗ ಹತ್ತಕ್ಕ ಎಷ್ಟು ಬೀಳ್ತಾವಂತ?" ಎಂದು ಕೇಳಿದರು.

"ಕೇಳಿಲ್ಲ ಸರ," ಎಂದರು ಯೂಸುಫಸಾಬರು, ಕಾಯಿಯನ್ನು ಮತ್ತೆ ಅದೇ ಜಾಗದಲ್ಲಿಟ್ಟು. "ಬರ್ರಿ, ಒಳಗ ಬರ್ರಿ. ನೀವೂ ಒಂದು ಹೊಡ್ದು ನೋಡ್ರಿ."