ಏಣಿ ತೆಗೆದ ಮಾಳಿಗೆ

ಕಲ್ಲಿಗೆ ಕಬ್ಬಿಣ ಉಜ್ಜಿದ ಸದ್ದು, ಕೆಳಗೆ ಏನನ್ನೋ ಎಳೆಯುತ್ತಿದ್ದಾರೆ, ಅಕ್ಕಿ ತೊಳೆದ ಒದ್ದೆ ಕೈಯಲ್ಲೇ ಬಗ್ಗಿ ನೋಡಿದರೆ ಏಣಿ ಇಲ್ಲ, ಹತ್ತಿ ಬರಲು ಹಲಗೆಯಲ್ಲಿ ಕೊರೆದ ಚೌಕದಲ್ಲಿ ಕೆಳಮನೆಯ ನೆಲ ಮಾತ್ರ ಕಾಣುತ್ತದೆ, ಮನೆಯೊಡತಿ ಶೇವಂತಾ ಮಾವಶಿಯ ಗಂಡ ಏಣಿಯನ್ನು ಹೆಗಲಿಗೇರಿಸಿ ಗಲ್ಲಿಗೆ ಹೊರಟಿದ್ದಾನೆ, ಬಣ್ಣ ಹೊಡೀಬೇಕು ಕುಂದಾ, ಒಂದು ಗಳಿಗೆ ಮೇಲೇ ಇರು — ಮಾವಶಿ ತಲೆ ಎತ್ತದೆ ಹೇಳಿದಳು, ಈ ಮಳೆಯಲ್ಲಿ ಏಣಿಗೆ ಯಾರು ಬಣ್ಣ ಹೊಡೆಯುತ್ತಾರೆ, ಕೇಳಬೇಕಿತ್ತು, ಕೇಳಲಿಲ್ಲ, ಕೇಳಬೇಕಾದ್ದೆಲ್ಲ ನನಗೆ ಕುಕ್ಕರ್ ಮುಚ್ಚಿದ ಮೇಲೇ ಹೊಳೆಯುತ್ತದೆ, ಈಗ ಹೊಳೆಯಿತು, ಮನೆ ಎಣಿಸುವವರು ಗಲ್ಲಿಗೆ ಬಂದಿದ್ದಾರೆ. ನಮ್ಮ ಖಡಕ್‌ವಾಡಿ ಕೊಳೆಗೇರಿ ಒಡೆದು ಎತ್ತರದ ಕಟ್ಟಡ ಏಳಿಸುತ್ತಾರೆ, ನೆಲದ ಮನೆಯವರಿಗೆ ಇಲ್ಲೇ ಮನೆ, ಮಾಳಿಗೆಯವರಿಗೆ ಮುಂಬಯಿ ಮುಗಿಯುವಲ್ಲಿ, ಉಪ್ಪಿನ ಗದ್ದೆಗಳ ಕಡೆ, ಬಾಡಿಗೆ ಕಟ್ಟುತ್ತ ಕಟ್ಟುತ್ತ ನಮ್ಮದೇ ಆಗುವ ಒಂದು ಕೋಣೆ, ಇವತ್ತು ಎಣಿಕೆಗೆ ಸಿಗದವರಿಗೆ ಎಲ್ಲೂ ಏನೂ ಇಲ್ಲ. ಸಭೆಗೆ ಹೋಗಿ ಕೇಳಿಸಿಕೊಂಡು ಬಂದು ಮಾವಶಿಗೆ ನಾನೇ ಹೇಳಿದ್ದೆ, ನಮ್ಮನ್ನು ಬರೆಸಿದರೆ ನಿಮ್ಮ ಮನೆಗೆ ಏನೂ ಆಗೋದಿಲ್ಲ, ನೆಲದ ಪಟ್ಟಿ ಬೇರೆ, ಮಾಳಿಗೆಯ ಪಟ್ಟಿ ಬೇರೆ. ಆದರೆ ಗಲ್ಲಿ ಕಮಿಟಿಯ ಭಾಸ್ಕರ ಒಂದೇ ಸೂರಿನಡಿ ಎರಡು ಒಲೆ ಕಂಡರೆ ತಕರಾರು ಅಂತ ಬರೆದು ಇಬ್ಬರನ್ನೂ ಪಟ್ಟಿಯಿಂದ ಬಿಡ್ತಾರೆ ಅಂದನಂತೆ, ನಿನ್ನ ರಾತ್ರಿ ಶಾಲೆ ಕಾನೂನು ನಿನ್ನ ಹತ್ರಾನೇ ಇಟ್ಕೋ ಮಗಳೇ, ಅಂದಳು ಮಾವಶಿ, ನಗುತ್ತಲೇ ಅಂದಳು. ನಾನು ತಪ್ಪಾಗಿ ಕೇಳಿಸಿಕೊಂಡಿದ್ದರೆ? ಹತ್ತನೆಯ ತರಗತಿಯನ್ನು ಅರ್ಧ ನಿದ್ದೆಯಲ್ಲಿ ಪಾಸು ಮಾಡಿದವಳು ನಾನು, ಭಾಸ್ಕರ ಆಫೀಸುಗಳನ್ನು ಸುತ್ತಿದವನು — ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದು, ಬನ್ನಿ ಸಾಹೇಬ, ಕೂತ್ಕೊಳ್ಳಿ ಸಾಹೇಬ, ಎಷ್ಟು ಜನ, ಇಬ್ಬರೇ, ಮೇಲೇನಿದೆ ಕಾಕೂ, ಹಳೇ ಸಾಮಾನು ಸಾಹೇಬ, ಇಲಿ ತುಂಬಿದೆ. ಉಸಿರು ಬಿಗಿಹಿಡಿದಿದ್ದೇನೆ, ಯಾಕೆ ಹಿಡಿದಿದ್ದೇನೆ, ಕೂಗಬೇಕಾದವಳು ನಾನಲ್ಲವೇ, ಮೊದಲು ಒಲೆ ಆರಿಸಬೇಕು, ಆರಿಸಬಾರದು, ಕೈ ಅರ್ಧಕ್ಕೆ ಹೋಗಿ ನಿಂತಿತು, ಅಷ್ಟರಲ್ಲಿ ಕುಕ್ಕರ್ ಕೂಗಿಬಿಟ್ಟಿತು, ಇಡೀ ಗಲ್ಲಿಗೆ ಕೇಳುವ ಹಾಗೆ.

ನಿಮ್ಮ ಇಲಿಗಳು ಅನ್ನ ಮಾಡ್ಕೋತವಾ ಕಾಕೂ — ನಗುವ ದನಿ, ಎಳೆಯ ದನಿ, ಚೌಕದೊಳಗೆ ಎಣಿಸುವವನ ಮುಖ ಮೇಲೆ ನೋಡುತ್ತಿದೆ, ಅಕ್ಕಾ, ನೀವು ಇಲ್ಲೇ ಇರೋದಾ, ಪೆನ್ನು ಕಾಯುತ್ತಿದೆ. ವಾಕ್ಯ ನಾಲಿಗೆಯ ಕೆಳಗೇ ಇದೆ, ಎಷ್ಟು ದಿನದಿಂದ ಪಾತ್ರೆ ತೊಳೆಯುತ್ತ ಕಂಠಪಾಠ ಮಾಡಿದ್ದು, ಉತ್ತರವನ್ನು ಪೂರ್ಣ ವಾಕ್ಯದಲ್ಲಿ ಹೇಳಬೇಕು ಎನ್ನುತ್ತಿದ್ದರು ಮೇಷ್ಟ್ರು, ನನ್ನ ಹೆಸರು ಕುಂದಾ ಗೋರಖ ತಾಂಬೆ, ಈ ಮಾಳಿಗೆಯಲ್ಲಿ ಗಂಡ ಮತ್ತು ಮಗಳೊಂದಿಗೆ ವಾಸವಾಗಿದ್ದೇನೆ, ಅಷ್ಟೇ, ಹೇಳಿದರೆ ಮುಗಿಯಿತು — ಅವನ ಹಿಂದೆ ಮಾವಶಿ ಸೆರಗನ್ನು ಬೆರಳುಗಳಿಂದ ಬಾಯಿಗೆ ಒತ್ತಿ ನಿಂತಿದ್ದಾಳೆ, ಪ್ರಾಚಿ ಹುಟ್ಟಿದಾಗ ನನ್ನವರೆಂದು ಯಾರೂ ಬರಲಿಲ್ಲ, ಅದೇ ಬೆರಳುಗಳು ಮಗುವಿಗೆ ಎಣ್ಣೆ ತಿಕ್ಕಿ ಕಾಲ ಮೇಲೆ ಮಲಗಿಸಿಕೊಂಡು ನೀರೆರೆದವು, ಭಾಸ್ಕರ ಹೇಳಿದ್ದೇ ನಿಜವಾಗಿದ್ದರೆ ನನ್ನ ಒಂದು ವಾಕ್ಯಕ್ಕೆ ಇವಳು ಈ ವಯಸ್ಸಿನಲ್ಲಿ ಬೀದಿಗೆ — ನಾನು ಹೇಳಿದ್ದು ನಿಜವಾಗಿದ್ದರೆ ನಾವು, ಪ್ರಾಚಿ — ಅಕ್ಕಾ, ಹೇಳಿ, ಇನ್ನೂ ಗಲ್ಲಿ ಪೂರ್ತಿ ಇದೆ.

ಇಲ್ಲ, ಊರಿಂದ ಬಂದೀನಿ, ನಾಲ್ಕು ದಿನ ಇದ್ದು ಹೋಗ್ತೀನಿ.

ಯಾರು ಅಂದದ್ದು ಅದು, ನನ್ನದೇ ದನಿ, ಪೂರ್ಣ ವಾಕ್ಯ, ಪೆನ್ನು ಅಲುಗಲಿಲ್ಲ, ಮುಖ ಚೌಕದಿಂದ ಸರಿಯಿತು, ಹೊರಗೆ ಬಾಗಿಲ ಮೇಲೆ ಎಣಿಕೆಯ ಗುರುತು ಹಾಕುವ ಬಳಪದ ಕಿರುಗುಟ್ಟುವಿಕೆ, ಸಂಜೆ ಟೆಂಪೊ ನಿಲ್ಲಿಸಿ ಬರುವ ಗಂಡ ಗೋರಖ ಬರಕೊಂಡ್ರಾ ಎಂದು ಕೇಳುತ್ತಾನೆ, ನೀರು ಕುಡಿಯುವ ಮೊದಲೇ ಕೇಳುತ್ತಾನೆ, ಅವನಿಗೆ ಯಾವ ವಾಕ್ಯ ಹೇಳಲಿ, ಪ್ರಾಚಿಗೆ ಯಾವುದು, ಕೂಗಿ ಕರೆಯಲೇ, ಎಣಿಸುವವನು ಇನ್ನೂ ಬಾಗಿಲಲ್ಲೇ ಇದ್ದಾನೆ, ಸಾಹೇಬ ಎಂದರೆ ಸಾಕು — ಕೆಳಗೆ ಸ್ಟೂಲು ಎಳೆದ ಸದ್ದು, ಚೌಕದೊಳಗಿಂದ ಮಾವಶಿಯ ಕೈ ಏರಿ ಬರುತ್ತಿದೆ, ಕೈಯಲ್ಲಿ ಚಹಾ, ದಿನವೂ ಕೊಡುವ ಸ್ಟೀಲ್ ಲೋಟದಲ್ಲಲ್ಲ, ಗುಲಾಬಿ ಹೂವಿನ ಕಪ್ಪು, ಕೆಳಗೆ ಬಸಿ, ನೆಂಟರು ಬಂದಾಗಷ್ಟೇ ಕಪಾಟಿನಿಂದ ಇಳಿಯುವ ಕಪ್ಪು, ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ಮೇಲೆ ಚಾಚಿದ್ದಾಳೆ, ಬಸಿ ವಾಲುತ್ತಿದೆ, ಬಾಗಿದರೆ ಕೈಗೆ ಸಿಗುತ್ತದೆ, ನಾನು ಬಾಗುತ್ತಿಲ್ಲ, ಚಹಾ ಬಸಿಗೆ ಚೆಲ್ಲುತ್ತಿದೆ, ಗುಲಾಬಿ ಹೂವಿನ ಕಪ್ಪು, ನೆಂಟರ ಕಪ್ಪು, ಚೌಕದಲ್ಲಿ ಕಪ್ಪು —