ಮಲಗುವ ಮುಂಚಿನ ಸ್ವಿಚ್

ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಅಲ್ಲಿನ ಯೇನಾ ಊರಿಗೆ ಬಂದ ವಿರೂಪಾಕ್ಷನ ಬಾಡಿಗೆ ಮನೆಯ ಕರೆಂಟ್ ಹೀಟರು ಚಳಿಗಾಲವಿಡೀ ಬೆಚ್ಚಗಾಗಲೇ ಇಲ್ಲ. ಫ್ಯೂಸ್ ನೋಡಿದ, ಗುಂಡಿ ತಿರುವಿದ, ಮನೆ ಮಾಲೀಕನ ಮೇಲೆ ಹರಿಹಾಯ್ದ. ಕೂಸಿನ ಕೆಮ್ಮು ನಿಲ್ಲದಾದಾಗ ಹೆಂಡತಿ ಶಾಂಭವಿ ಅದನ್ನೆತ್ತಿಕೊಂಡು ಗದಗಿಗೆ ಹೊರಟುಹೋದಳು.

ಅವರನ್ನು ವಿಮಾನ ಹತ್ತಿಸಿ ಬಂದವನು ಹಾಗೇ ಬಿದ್ದುಕೊಂಡ. ಬೆಳಗ್ಗೆ ನೋಡಿದರೆ ಮನೆಯೆಲ್ಲ ಬೆಚ್ಚಗಿತ್ತು.

ಹೀಟರಿನ ದೂರು ಹೀಟರಿನ ದೂರು ವಿಚಾರಿಸಲು ಬಂದ ಮಾಲೀಕ ಅದನ್ನು ಮುಟ್ಟಿ ನೋಡಿದ. ಇದು ರಾತ್ರಿ ಕರೆಂಟಿನಲ್ಲಿ ಒಳಗಿನ ಇಟ್ಟಿಗೆ ಕಾಯಿಸಿಟ್ಟುಕೊಂಡು ಹಗಲು ಶಾಖ ಬಿಡುತ್ತದೆ, ರಾತ್ರಿ ಸ್ವಿಚ್ ಬಂದ್ ಮಾಡಬಾರದು ಎಂದ.

ಮಲಗುವ ಮುಂಚೆ ಸ್ವಿಚ್ಚೆಲ್ಲ ಬಂದ್ ಮಾಡಬೇಕೆಂದು ಹೆಂಡತಿಗೆ ಬೈದು ಬೈದು ಕಲಿಸಿದವನು ವಿರೂಪಾಕ್ಷನೇ.

ಮರುದಿನ ಸಂಜೆ ಗದಗಿನಿಂದ ಅವಳ ಫೋನು ಬಂತು. ಕೂಸು ದವಾಖಾನ್ಯಾಗ ಐತಿ ಎಂದು ಅತ್ತಳು. ಇಡುವ ಮುಂಚೆ, "ನಾ ಇಲ್ಲಂತ ಸ್ವಿಚ್ ಬಂದ್ ಮಾಡೂದು ಮರೀಬ್ಯಾಡ್ರಿ" ಎಂದಳು.