ಜಟ್ಟೆಮ್ಮ ಹೇಳದೆ ಇಟ್ಟುಕೊಂಡ ಒಡಪು

ಮುಂದೆ ನಿಂತ ಹೆಂಗಸಿನ ಜಡೆಯಿಂದ ಒಂದು ಕನಕಾಂಬರ ಕಳಚಿ ನೆಲಕ್ಕೆ ಬಿತ್ತು, ಸಾಲಿನಲ್ಲಿ ನಿಂತು ನಿಂತು ಹೂವಿಗೂ ಕಾಲು ಸೋತವು ನೋಡು ಅಂದುಕೊಂಡಳು ಜಟ್ಟೆಮ್ಮ, ಅಂದುಕೊಂಡವಳೇ ಅಭ್ಯಾಸದಂತೆ ಪಕ್ಕಕ್ಕೆ ತಿರುಗಿದಳು, ಪಕ್ಕದಲ್ಲಿ ಬರೀ ಗೋಡೆ — ಗಂಡ ಹೋಗಿ ಹದಿನೇಳು ದಿನ, ಈಗ ಕೆ.ಆರ್. ಪುರದ ಈ ಕಚೇರಿಯಲ್ಲಿ ನಿಂತಿರುವುದೇ ಅವನ ಮರಣ ಪ್ರಮಾಣಪತ್ರಕ್ಕೆ, ಆದರೂ ಕತ್ತಿಗೆ ತಿಳಿಯುವುದಿಲ್ಲ, ತಿರುಗುತ್ತದೆ — ಇಂಥ ಮಾತಿಗೂ ನಗುತ್ತಿದ್ದನಲ್ಲ ಅವನು, ಒಂದು ಕೈ ಹೊಟ್ಟೆಗೆ ಒತ್ತಿಕೊಂಡು, ಸಾಕ ಬಿಡ ಮಾರಾಯ್ತಿ, ಹೊಟ್ಟಿ ನೋಯ್ತದ, ಆ ನಗೆಯನ್ನು ಅವಳು ಒಂದು ದಿನವೂ ನಂಬಲಿಲ್ಲ, ಈ ಹುಡುಗಿ ಮಾರಿ ನೋಡಿದ್ರ ಹಾಲೂ ಒಡೀತದ ಅಂತ ಹಡೆದವ್ವನೇ ಅನ್ನುತ್ತಿದ್ದಳು, ಹೆತ್ತವಳಿಗೇ ಮುದ್ದಾಗದ ಹೆಗ್ಗಣ ಕಟ್ಟಿಕೊಂಡವನಿಗೆ ಮುದ್ದಾದೀತೇ, ದಿನವಿಡೀ ಗಾರೆ ಕೆಲಸ ಮಾಡಿ ಬಂದು ಹೆಂಡತಿಯ ಮನಸ್ಸು ನೋಯಬಾರದೆಂದು ನಗುತ್ತಾನೆ, ಅಷ್ಟೇ, ನಗಬ್ಯಾಡ್ರಿ ಸುಮ್‌ಸುಮ್ನ ಅಂತ ಗದರುತ್ತಿದ್ದಳು, ಅದಕ್ಕೂ ನಗುತ್ತಿದ್ದ, ಕಗ್ಗದಾಸಪುರದ ವಠಾರದಲ್ಲೆಲ್ಲ ಸಾರಿಕೊಂಡು ಬಂದಿದ್ದ, ನಮ್ಮಾಕಿ ಮಾತಿಗೆ ಸತ್ತ ಹೆಣಾನೂ ಎದ್ದು ನಗತದ, ಮನೆ ಮಾಲೀಕರಾದ ಗೋವಿಂದಮ್ಮ ಎಲ್ಲಿ ಹೇಳಮ್ಮ ಒಂದು ಅಂದಾಗ ಇವಳು ಕೊಡ ಎತ್ತಿಕೊಂಡು ನಲ್ಲಿಯ ಕಡೆ ನಡೆದಳು, ಗೋವಿಂದಮ್ಮ ಪಾಪ ಅನ್ನುವಂತೆ ಅವನ ಮುಖ ನೋಡಿದರು. ಊರ ಕಡೆ ಮದುವೆಗಳಲ್ಲೂ ಅದೇ, ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು ಒಡಪು ಕಟ್ಟಿ ಅದರಾಗ ಗಂಡನ ಹೆಸರು ಹೇಳಿದ್ರ ಒಳಗ ಬಿಡತೀವಿ ಅನ್ನುವರು, ಇವಳದೊಂದು ಒಡಪು ಹನ್ನೊಂದು ವರ್ಷದಿಂದ ಹಲ್ಲಿನ ಹಿಂದೆ ತಯಾರಿತ್ತು, ಹೇಳಲಿಲ್ಲ, ಯಾರೂ ನಗದೆ ಹೋದರೆ, ಅವನಿಗೂ ಹೇಳಲಿಲ್ಲ, ಕಾಮಾಲೆ ಏರಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಆ ತುಟಿ — ಬೇಡ, ಅದು ಬೇಡ, ಸಾಲು ಮುಂದೆ ಹೋಯಿತು.

ತೀರಿಕೊಂಡವರ ಹೆಸರು ಹೇಳಮ್ಮ ಅನ್ನುತ್ತಾರೆ ಗುಮಾಸ್ತರು ತಲೆ ಎತ್ತದೆ, ಆಧಾರ್ ಕಾರ್ಡು ಮುಂದೆ ಸರಿಸುತ್ತಾಳೆ, ಅದಿರ್ಲಿ, ನೀವು ಬಾಯಲ್ಲಿ ಹೇಳಿ, ನಾನು ಟೈಪ್ ಮಾಡ್ಕೋತೀನಿ, ಹದಿನೆಂಟು ವರ್ಷ ಏನ್ರಿ ಅಂದೇ ಕರೆದವಳು, ಆ ಹೆಸರು ಬರಿದಾಗಿ ಅವಳ ನಾಲಿಗೆ ದಾಟಿದ್ದೇ ಇಲ್ಲ, ಹೇಳಮ್ಮ, ಹಿಂದೆ ಜನ ಇದಾರೆ, ಬಾಯಿ ತೆರೆದಳು, ಬಂದದ್ದು ಅದೇ, ಹಲ್ಲಿನ ಹಿಂದಿದ್ದದ್ದು, ರಾಗದ ಸಮೇತ — ಬೆಂಗಳೂರಿಗೆಲ್ಲ ಮಹಡಿ ಕಟ್ಯಾರ, ಬಾಡಿಗಿ ಖೋಲ್ಯಾಗ ಮೊಳಿ ಹೊಡ್ಯಾಕ ಹೋಗಿ ಬೆರಳ ಜಜ್ಜಿಕೊಂಡಾರ, ಜಜ್ಜಿಕೊಂಡಿದ್ದು ತಾವು, ಬೈದಿದ್ದು ಗ್ವಾಡಿಗಿ, ನಮ್ಮ ಈರೇಶಪ್ಪ. ಟೈಪಿನ ಸದ್ದು ನಿಂತಿತು. ಗುಮಾಸ್ತರು ನಕ್ಕುಬಿಟ್ಟರು, ಕನಕಾಂಬರದ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು, ಏನಂದ್ರು ಏನಂದ್ರು ಅನ್ನುತ್ತ ನಗೆ ಸಾಲಿನ ಬಾಲದವರೆಗೂ ಹೋಯಿತು, ಸಾರಿ ಕಣಮ್ಮ, ನಗ್ಬಾರ್ದಿತ್ತು ಅಂದ ಗುಮಾಸ್ತರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ಮತ್ತೆ ನಕ್ಕರು — ಇವರ್ಯಾರೂ ಅವಳ ಗಂಡನಲ್ಲ, ಅವಳ ಕೈಯ ರೊಟ್ಟಿ ತಿಂದವರಲ್ಲ, ಅವಳ ಮನಸ್ಸು ಕಾಯಬೇಕಾದ ಹಂಗು ಯಾರಿಗೂ ಇಲ್ಲ, ಹಾಗಾದರೆ ಅವನು ನಿಜವಾಗಿಯೇ ನಕ್ಕಿದ್ದ, ಹದಿನೆಂಟು ವರ್ಷವೂ ನಿಜವಾಗಿಯೇ, ಅಯ್ಯೋ ನನ್ನ ದೇವರೇ, ಆಸ್ಪತ್ರೆಯಲ್ಲಿ ಆ ದಿನವೂ ನಿಜವಾಗಿಯೇ ಕೇಳಿದ್ದ, ಏನರ ಒಂದ ಹೇಳ, ನಗಬೇಕನಸ್ತದ ಅಂತ, ಒಡಪು ನಾಲಿಗೆಯ ತುದಿಗೆ ಬಂದಿತ್ತು, ಇದು ನಗೋ ಹೊತ್ತೇನ್ರಿ, ಸುಮ್ನ ಮಲಕೋರಿ ಅಂದುಬಿಟ್ಟಳು, ಅಂದರೂ ಅವನು ಕಾಯುತ್ತಲೇ ಇದ್ದ, ಹಳದಿ ಮುಖದಲ್ಲಿ ತುಟಿ ಅರ್ಧ ತೆರೆದು, ನಗಲು ಸಿದ್ಧನಾಗಿ — ಹೆಸರು ಸರಿ ಇದ್ಯಾ ನೋಡಮ್ಮ ಅನ್ನುತ್ತಿದ್ದಾರೆ ಯಾರೋ — ಅವಳ ಬಾಯನ್ನೇ ನೋಡುತ್ತ, ತುಟಿ ಅರ್ಧ ತೆರೆದು, ನಗಲು ಸಿದ್ಧನಾಗಿ, ತುಟಿ ಅರ್ಧ ತೆರೆದು